ವಾಹನ, ಕಾಗದಪತ್ರ ಮತ್ತು ನಮ್ಮ ಹೊಣೆಗಾರಿಕೆ

(ಸಂಘದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಶಾಲೆಯಲ್ಲಿ ನಾನು ಉರ್ದು ಮತ್ತು ಕನ್ನಡ ಕಲಿಸುವವನು. ಆದ್ದರಿಂದ ಈ ಸಭೆಗೆ ಕರೆಯುವಾಗ ಕಾರ್ಯದರ್ಶಿಗಳು "ಭಾಷೆಯ ಬಗ್ಗೆ ಏನಾದರೂ ಹೇಳಿ ಮಾಸ್ಟ್ರೇ" ಎಂದಿದ್ದರು. ನಾನು ಆರಿಸಿಕೊಂಡ ವಿಷಯ ಕೇಳಿ ಅವರು ನಕ್ಕರು. ಹೊರದೇಶದಿಂದ ಬಂದ ಹಳೆಯ ಗಾಡಿಯೊಂದನ್ನು ನೋಂದಣಿ ಮಾಡಿಸುವ ಬಗ್ಗೆ ನಾನಿಂದು ಮಾತನಾಡಲಿದ್ದೇನೆ. ಇದಕ್ಕೂ ಶಿಕ್ಷಣಕ್ಕೂ ಏನು ಸಂಬಂಧ ಎಂದು ನಿಮಗೂ ಅನ್ನಿಸಬಹುದು. ಸಂಬಂಧ ಇದೆ. ಓದು ಬಲ್ಲ ಒಬ್ಬ ಮೇಷ್ಟ್ರು ಓದಬೇಕಾದುದನ್ನು ಓದದೆ ಹೋದದ್ದರಿಂದ ಒಂದು ಕುಟುಂಬಕ್ಕೆ ಆದ ನಷ್ಟದ ಕಥೆ ಇದು. ಆ ಮೇಷ್ಟ್ರು ನಾನೇ.

ನನ್ನ ಖಾಲಾನ ಮಗ ಹನ್ನೊಂದು ವರ್ಷ ಸೌದಿಯಲ್ಲಿ ದುಡಿದು 2024ರಲ್ಲಿ ಊರಿಗೆ ಬಂದ. ಪ್ರವಾಸಿಗರಿಗೆ ಬಾಡಿಗೆಗೆ ಗಾಡಿ ಬಿಡಬೇಕು, ಮಗಳನ್ನು ನರ್ಸಿಂಗ್ ಓದಿಸಬೇಕು ಎಂಬುದು ಅವನ ಆಸೆ. ನೆರೆಯ ರಾಜ್ಯದ ಒಬ್ಬ ಬ್ರೋಕರ್ ಅವನಿಗೆ ಹಳೆಯ ಲ್ಯಾಂಡ್ ಕ್ರೂಸರ್ ಒಂದನ್ನು ತೋರಿಸಿದ. ಮರುಭೂಮಿಯಲ್ಲಿ ಅಂಥದ್ದೇ ಗಾಡಿ ಓಡಿಸಿದವನಿಗೆ ಅದನ್ನು ಕಂಡೊಡನೆ ಮನಸ್ಸು ಸೋತಿತು. ಬೆಲೆ ಹದಿಮೂರು ಲಕ್ಷ. ಅಂಥ ಗಾಡಿಗೆ ಪೇಟೆಯಲ್ಲಿ ಇರುವ ಬೆಲೆಯ ಅರ್ಧವೂ ಅಲ್ಲ. ಎರಡು ಲಕ್ಷ ಮುಂಗಡ ಕೊಟ್ಟು, ಕಾಗದಗಳ ಕಟ್ಟನ್ನು ಹಿಡಿದುಕೊಂಡು ನನ್ನ ಮನೆಗೆ ಬಂದ. "ಭಾಯಿ, ನೀವು ಓದಿದವರು. ಒಮ್ಮೆ ನೋಡಿ ಹೇಳಿ. ನೀವು ಸರಿ ಅಂದ್ರೆ ಬಾಕಿ ಹಣ ಕೊಡ್ತೀನಿ" ಎಂದ.

ನಾನು ನೋಡಿದೆ. ಉತ್ತರದ ಒಂದು ರಾಜ್ಯದ ಆರ್‌ಸಿ ಇತ್ತು. ವಿಮೆ ಇತ್ತು. ಎನ್‌ಒಸಿ ಇತ್ತು. ಸರ್ಕಾರಿ ಇಲಾಖೆಯೊಂದರ ಹರಾಜಿನಲ್ಲಿ ಗಾಡಿ ಮಾರಾಟವಾಗಿದೆ ಎಂದು ಹೇಳುವ ಪತ್ರದ ಜೆರಾಕ್ಸ್ ಇತ್ತು. ಎಲ್ಲದರ ಮೇಲೂ ದುಂಡು ಮೊಹರು, ಸಹಿ, ದಿನಾಂಕ. ಹರಾಜಿನ ಪತ್ರದಲ್ಲಿ ಇಲಾಖೆಯ ಹೆಸರಿನಲ್ಲೇ ಒಂದು ಅಕ್ಷರ ತಪ್ಪಿತ್ತು. ಮಕ್ಕಳ ನೋಟ್‌ಬುಕ್ಕಿನಲ್ಲಾಗಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಅಂದು ಮಾತ್ರ 'ಟೈಪ್ ಮಾಡುವಾಗ ತಪ್ಪಿರಬೇಕು' ಎಂದು ಬಿಟ್ಟೆ. "ಕಾಗದ ಎಲ್ಲಾ ಸರಿಯಾಗಿದೆ" ಎಂದೆ. ಮರುದಿನ ಅವನು ಉಳಿದ ಹನ್ನೊಂದು ಲಕ್ಷ ಕೊಟ್ಟು ಗಾಡಿ ತಂದ.

ಹೊರರಾಜ್ಯದ ಗಾಡಿಯನ್ನು ನಮ್ಮಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವುದಾದರೆ ಇಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆಯ 47ನೆಯ ಕಲಂ ಹೇಳುತ್ತದೆ. ಹೆಸರು ಬದಲಾವಣೆಯ ಅರ್ಜಿಯನ್ನು ಕೊಂಡವರು ಮೂವತ್ತು ದಿನಗಳೊಳಗೆ ಕೊಡಬೇಕು. ನಾವು ಎರಡೂ ಅರ್ಜಿ ಹಿಡಿದು ಆರ್‌ಟಿಓ ಕಚೇರಿಗೆ ಹೋದೆವು. ಇನ್‌ಸ್ಪೆಕ್ಟರ್ ಸಾಹೇಬರು ಗಾಡಿಯ ಸುತ್ತ ಒಂದು ಸುತ್ತು ಬಂದರು, ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದರು. ಆಮೇಲೆ ಕೇಳಿದ್ದು ಎರಡೇ ಪ್ರಶ್ನೆ. "ಗಾಡಿ ತಯಾರಾದದ್ದು 2005ರಲ್ಲಿ, ಮೊದಲ ನೋಂದಣಿ 2016ರಲ್ಲಿ. ನಡುವಿನ ಹನ್ನೊಂದು ವರ್ಷ ಇದು ಎಲ್ಲಿತ್ತು? ಇದು ಹೊರದೇಶದಲ್ಲಿ ತಯಾರಾದ ಗಾಡಿ. ಕಸ್ಟಮ್ಸ್ ಕಾಗದ ಎಲ್ಲಿದೆ?"

ನಮ್ಮಲ್ಲಿ ಉತ್ತರ ಇರಲಿಲ್ಲ. ಬ್ರೋಕರನ ಫೋನ್ ಮೊದಲು ರಿಂಗಾಯಿತು, ಆಮೇಲೆ ಸ್ವಿಚ್ ಆಫ್ ಆಯಿತು. ಹರಾಜಿನ ಪತ್ರದಲ್ಲಿ ಹೆಸರಿದ್ದ ಇಲಾಖೆಗೆ ನಾನು ರಿಜಿಸ್ಟರ್ಡ್ ಅಂಚೆಯಲ್ಲಿ ಬರೆದು ಕೇಳಿದೆ. ಆ ಸಂಖ್ಯೆಯ ಪತ್ರವನ್ನು ತಾವು ಕೊಟ್ಟೇ ಇಲ್ಲ ಎಂದು ಅವರು ಉತ್ತರಿಸಿದರು.

ಬಂಧುಗಳೇ, ಹೊರದೇಶದ ಹಳೆಯ ಗಾಡಿಯನ್ನು ಭಾರತಕ್ಕೆ ತರಲೇಬಾರದು ಎಂದೇನೂ ಇಲ್ಲ. ಆದರೆ ಬಾಗಿಲು ಬಹಳ ಕಿರಿದು. ನಮ್ಮ ವಿದೇಶ ವ್ಯಾಪಾರ ನೀತಿಯ ಪ್ರಕಾರ ಅಂಥ ಗಾಡಿ ತಯಾರಾಗಿ ಮೂರು ವರ್ಷ ದಾಟಿರಬಾರದು. ಕಾರಾದರೆ ಸ್ಟೀರಿಂಗ್ ಬಲಗಡೆ ಇರಬೇಕು. ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿ ತೋರಿಸಬೇಕು. ಹೆಡ್‌ಲೈಟಿನ ಬೆಳಕು ಎಡಗಡೆ ಚಲಿಸುವ ರಸ್ತೆಗೆ ಹೊಂದುವಂತಿರಬೇಕು. ಇನ್ನೂ ಕನಿಷ್ಠ ಐದು ವರ್ಷ ಓಡುವ ಸ್ಥಿತಿಯಲ್ಲಿರಬೇಕು. ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಬೇಕು. ಬರುವುದು ಮುಂಬಯಿ ಬಂದರಿನ ಮೂಲಕವೇ. ಇದರ ಮೇಲೆ ಸುಂಕ ಮತ್ತು ತೆರಿಗೆ ಎಲ್ಲವೂ ಸೇರಿದರೆ ಗಾಡಿಯ ಬೆಲೆಯನ್ನೇ ಮೀರುತ್ತದೆ. ಹೀಗಿರುವಾಗ ಹಳೆಯ ವಿದೇಶಿ ಗಾಡಿಯೊಂದು ಅರ್ಧ ಬೆಲೆಗೆ ಸಿಗುತ್ತದೆ ಎಂದರೆ ಸುಂಕ ಕಟ್ಟಿದವರು ಯಾರು ಎಂದು ಕೇಳಲೇಬೇಕು.

ಗಲ್ಫ್‌ನಲ್ಲಿರುವ ನಮ್ಮ ಬಂಧುಗಳು ಅಲ್ಲಿಯ ತಮ್ಮ ಕಾರನ್ನು ಊರಿಗೆ ಕಳಿಸಬಹುದೇ ಎಂದು ಆಗಾಗ ಕೇಳುತ್ತಾರೆ. ಸೌದಿ, ಎಮಿರೇಟ್ಸ್, ಕುವೈತ್, ಕತಾರ್, ಒಮಾನ್, ಬಹ್ರೇನ್ ಎಲ್ಲ ಕಡೆಯೂ ರಸ್ತೆಯ ಬಲಗಡೆ ಓಡಾಟ, ಸ್ಟೀರಿಂಗ್ ಎಡಗಡೆ. ಆದ್ದರಿಂದ ಆ ಕಾರುಗಳು ಮೊದಲ ಷರತ್ತಿನಲ್ಲೇ ಬಿದ್ದುಹೋಗುತ್ತವೆ. ಗಲ್ಫ್ ನಂಬರಿನ ಕಾರುಗಳನ್ನು ನಮ್ಮ ಕರಾವಳಿಯಲ್ಲಿ, ಕೇರಳದಲ್ಲಿ ನೀವು ಕಂಡಿರಬಹುದು. ಅವು 'ಕಾರ್ನೆಟ್' ಎಂಬ ಕಾಗದದ ಮೇಲೆ ಕೆಲವು ತಿಂಗಳ ಮಟ್ಟಿಗೆ ಬಂದವು. ಅವಧಿ ಮುಗಿದ ಮೇಲೆ ದೇಶ ಬಿಟ್ಟು ಹೋಗಲೇಬೇಕು. ಅಂಥ ಕಾರನ್ನು ಇಲ್ಲಿ ಮಾರುವಂತಿಲ್ಲ, ಕೊಳ್ಳುವಂತಿಲ್ಲ.

ಹಾಗಾದರೆ ಕಳ್ಳದಾರಿ ಯಾವುದು? 2025ರ ಸೆಪ್ಟೆಂಬರ್ 23ರಂದು ಕಸ್ಟಮ್ಸ್ ಇಲಾಖೆ ಕೇರಳದಲ್ಲಿ ಸುಮಾರು 30 ಕಡೆ ಒಂದೇ ದಿನ ಶೋಧ ನಡೆಸಿತು. ಆ ಕಾರ್ಯಾಚರಣೆಗೆ ಇಟ್ಟ ಹೆಸರು 'ನುಮ್ಖೋರ್'. ಭೂತಾನದ ಜೋಂಖಾ ಭಾಷೆಯಲ್ಲಿ ಅದರ ಅರ್ಥ ವಾಹನ. ಅಂದು 36 ವಾಹನಗಳನ್ನು ವಶಪಡಿಸಿಕೊಂಡರು. ಭೂತಾನದಲ್ಲೂ ನಮ್ಮಂತೆಯೇ ರಸ್ತೆಯ ಎಡಗಡೆ ಓಡಾಟ, ಬಲಗಡೆ ಸ್ಟೀರಿಂಗ್. ಗಡಿಯೂ ತೆರೆದ ಗಡಿ. ಅಲ್ಲಿನ ಹಳೆಯ ಗಾಡಿಗಳನ್ನು ಸುಂಕವಿಲ್ಲದೆ ಒಳಗೆ ತಂದು, ಸೇನೆಯ ಹೆಸರಿನಲ್ಲಿ, ರಾಯಭಾರ ಕಚೇರಿಯ ಹೆಸರಿನಲ್ಲಿ ಸುಳ್ಳು ಪತ್ರ ಸೃಷ್ಟಿಸಿ, ಹಿಮಾಚಲ ಪ್ರದೇಶ ಮುಂತಾದ ಕಡೆ ನೋಂದಣಿ ಮಾಡಿಸಿ, ಆಮೇಲೆ ದಕ್ಷಿಣದಲ್ಲಿ ಮಾರಿದ್ದಾರೆ ಎಂಬುದು ಅಧಿಕಾರಿಗಳು ಹೇಳಿದ ಆರೋಪ. ಕೇರಳಕ್ಕೇ ಅಂಥ 150ರಿಂದ 200 ಗಾಡಿಗಳು ಬಂದಿವೆ ಎಂದು ಅವರು ಅಂದಾಜು ಮಾಡಿದರು. ಕೊಂಡವರಲ್ಲಿ ಹೆಸರಾಂತ ಸಿನಿಮಾ ನಟರೂ ಇದ್ದರು. ನ್ಯಾಯವಾಗಿಯೇ ಹಣ ಕೊಟ್ಟು ಕೊಂಡಿದ್ದೇವೆ ಎಂದು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಆ ಸುದ್ದಿ ಓದಿದ ದಿನ ನನ್ನ ತಮ್ಮ ಪತ್ರಿಕೆ ಮಡಚಿಟ್ಟು ಸುಮ್ಮನೆ ಕುಳಿತಿದ್ದ. ವಕೀಲರಿಗೆ ಕೊಡಲು ಅವರ ಬಳಿ ಹಣ ಇರುತ್ತದೆ. ಗಲ್ಫ್‌ನ ಬಿಸಿಲಿನಲ್ಲಿ ದುಡಿದು ತಂದವನ ಬಳಿ ಎಲ್ಲಿಂದ ಬರಬೇಕು?

"ಒಂದು ರಾಜ್ಯದಲ್ಲಿ ನೋಂದಣಿ ಆಗಿದೆಯಲ್ಲ, ಇನ್ನೇನು?" ಎಂದು ನಾನೂ ಅಂದುಕೊಂಡಿದ್ದೆ. ಅದು ತಪ್ಪು. ಸುಳ್ಳು ದಾಖಲೆಯ ಮೇಲೆ ನೋಂದಣಿ ಆಗಿದೆ ಎಂದು ಕಂಡುಬಂದರೆ, ಅಥವಾ ಗಾಡಿಯ ಮೇಲಿರುವ ಚಾಸಿ, ಇಂಜಿನ್ ನಂಬರು ಆರ್‌ಸಿಯಲ್ಲಿರುವುದಕ್ಕಿಂತ ಬೇರೆ ಇದ್ದರೆ, ಮಾಲೀಕನಿಗೆ ಹೇಳಿಕೊಳ್ಳಲು ಅವಕಾಶ ಕೊಟ್ಟು ಆ ನೋಂದಣಿಯನ್ನು ರದ್ದು ಮಾಡಬೇಕು ಎಂದು ಕಾಯ್ದೆಯ 55ನೆಯ ಕಲಂ ಹೇಳುತ್ತದೆ. ಮೊದಲ ಕಾಗದ ಸುಳ್ಳಾದರೆ ಅದರ ಮೇಲೆ ಬಂದ ಹತ್ತು ಅಸಲಿ ಕಾಗದಗಳೂ ನಿಲ್ಲುವುದಿಲ್ಲ.

ಇಲ್ಲಿ ನನಗೆ ನಮ್ಮ ಮದರಸಾಗಳಲ್ಲಿ ಕಲಿಸುವ ಒಂದು ಸಂಗತಿ ನೆನಪಾಗುತ್ತದೆ. ಹದೀಸ್ ವಿದ್ವಾಂಸರು ಒಂದು ಮಾತನ್ನು ಒಪ್ಪಿಕೊಳ್ಳುವ ಮೊದಲು ಅದರ 'ಸನದ್' ನೋಡುತ್ತಿದ್ದರು. ಇವರಿಗೆ ಯಾರು ಹೇಳಿದರು, ಅವರಿಗೆ ಯಾರು ಹೇಳಿದರು, ಒಬ್ಬರನ್ನೊಬ್ಬರು ಭೇಟಿಯಾಗಿದ್ದರೇ, ಪ್ರತಿಯೊಬ್ಬರೂ ನಂಬಿಕಸ್ಥರೇ ಎಂದು ಸರಪಳಿಯ ಕೊಂಡಿ ಕೊಂಡಿಯನ್ನೂ ಪರೀಕ್ಷಿಸುತ್ತಿದ್ದರು. ಮಾತು ಎಷ್ಟೇ ಸುಂದರವಾಗಿರಲಿ, ನಡುವೆ ಒಂದು ಕೊಂಡಿ ಕಳಚಿದ್ದರೆ ಅದನ್ನು 'ಮುನ್ಕತಿ' ಎಂದು ಬದಿಗಿಡುತ್ತಿದ್ದರು. ಈ 'ಸನದ್' ಶಬ್ದವೇ ನಮ್ಮ ಕನ್ನಡಕ್ಕೆ ಬಂದು 'ಸನ್ನದು' ಆಗಿದೆ. ಸನ್ನದು ಎಂದರೆ ಅಧಿಕಾರಪತ್ರ ಎಂದು ನಾನು ಮಕ್ಕಳಿಗೆ ಎಷ್ಟೋ ಸಲ ಅರ್ಥ ಬರೆಸಿದ್ದೇನೆ. ಅದರ ಬೇರಿನಲ್ಲಿ ಸರಪಳಿಯೂ ಇದೆ ಎಂಬುದು ಗೊತ್ತಿದ್ದೂ ನಾನು ಅಂದು ಮೊಹರನ್ನು ನೋಡಿದೆ, ಸರಪಳಿಯನ್ನು ನೋಡಲಿಲ್ಲ. ಹನ್ನೊಂದು ವರ್ಷಗಳ ಕೊಂಡಿ ಕಳಚಿದ್ದು ಆರ್‌ಸಿಯ ಮೇಲೆಯೇ ಅಚ್ಚಾಗಿತ್ತು.

ಹಾಗಾದರೆ ಕೊಳ್ಳುವ ಮೊದಲು ನೋಡಬೇಕಾದ್ದು ಏನೇನು? ವಿದ್ಯಾರ್ಥಿಗಳು ಬರೆದುಕೊಳ್ಳಬಹುದು.

ಒಂದನೆಯದಾಗಿ, ಗಾಡಿಯ ಹುಟ್ಟಿನ ಕಾಗದ. ಇಲ್ಲಿ ತಯಾರಾದ ಗಾಡಿಗೆ ಮಾರಾಟಗಾರರು ಕೊಡುವ ನಮೂನೆ 21ರ ಮಾರಾಟ ಪ್ರಮಾಣಪತ್ರ ಇರುತ್ತದೆ. ಸೇನೆಯಿಂದ ಹರಾಜಾದ ಗಾಡಿಗೂ ಸಂಬಂಧಪಟ್ಟ ಅಧಿಕಾರಿಗಳು ಕೊಟ್ಟ ನಮೂನೆ 21ರ ಮೂಲಪ್ರತಿಯೇ ಬೇಕು, ಜೆರಾಕ್ಸ್ ನಡೆಯುವುದಿಲ್ಲ. ಹೊರದೇಶದಿಂದ ಬಂದ ಗಾಡಿಗೆ ಕಸ್ಟಮ್ಸ್ ಬಿಡುಗಡೆ ಪತ್ರ ಬೇಕು. ಇವೆಲ್ಲವೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 47ನೆಯ ನಿಯಮದಲ್ಲೇ ಇವೆ. ಗಾಡಿ ಬಂದರಿಗೆ ಬಂದಾಗ ಸಲ್ಲಿಸುವ 'ಬಿಲ್ ಆಫ್ ಎಂಟ್ರಿ'ಯಲ್ಲಿ ಚಾಸಿ ನಂಬರು, ತಂದವರ ಹೆಸರು, ಕಟ್ಟಿದ ಸುಂಕ ಇರುತ್ತದೆ. ಅದು ಇಲ್ಲದ ವಿದೇಶಿ ಗಾಡಿಯ ಬಳಿ ಮುಂಗಡದ ಮಾತೇ ಆಡಬೇಡಿ.

ಎರಡನೆಯದಾಗಿ, ಚಾಸಿ ನಂಬರು. ಇಂದಿನ ಕಾರುಗಳಲ್ಲಿ ಇದು ಹದಿನೇಳು ಅಕ್ಷರ ಮತ್ತು ಅಂಕಿಗಳ ಸಾಲು. ಸೊನ್ನೆ, ಒಂದು ಎಂಬ ಅಂಕಿಗಳೊಂದಿಗೆ ಗೊಂದಲವಾಗದಿರಲಿ ಎಂದು ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಇದರಲ್ಲಿ ಬಳಸುವುದಿಲ್ಲ. ಭಾರತದಲ್ಲಿ ತಯಾರಾದ ಕಾರಿನ ನಂಬರು ಎಂ ಅಕ್ಷರದಿಂದ, ಜಪಾನಿನಲ್ಲಿ ತಯಾರಾದುದು ಜೆ ಅಕ್ಷರದಿಂದ, ಜರ್ಮನಿಯದು ಡಬ್ಲ್ಯೂ ಅಕ್ಷರದಿಂದ ಆರಂಭವಾಗುತ್ತದೆ. ಜಪಾನಿನ ಒಳಪೇಟೆಗೆಂದೇ ತಯಾರಾದ ಗಾಡಿಗಳಿಗೆ ಇದಕ್ಕಿಂತ ಚಿಕ್ಕ ನಂಬರು ಇರುವುದುಂಟು. ಆರ್‌ಸಿಯಲ್ಲಿರುವುದನ್ನು ಗಾಡಿಯ ಮೇಲೆ ಕೊರೆದ ನಂಬರಿನೊಂದಿಗೆ ನೀವೇ ಪೆನ್ಸಿಲ್ ಉಜ್ಜಿ ಹೋಲಿಸಿ. ನಾವು ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದವಿಟ್ಟು ಉಜ್ಜುತ್ತಿದ್ದೆವಲ್ಲ, ಅಷ್ಟೇ ಸುಲಭ. ನಂಬರಿನ ಸುತ್ತ ಹೊಸ ಬಣ್ಣ, ಗ್ರೈಂಡರಿನ ಗೀರು, ಸಾಲಿನಲ್ಲಿ ಡೊಂಕು ಕಂಡರೆ ಅಲ್ಲಿಂದ ಎದ್ದು ಬನ್ನಿ.

ಮೂರನೆಯದಾಗಿ, ದಿನಾಂಕಗಳು. ತಯಾರಾದ ವರ್ಷ, ಮೊದಲ ನೋಂದಣಿ, ಪ್ರತಿ ಮಾಲೀಕನ ಅವಧಿ ಇವನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆಯಿರಿ. ಮಧ್ಯೆ ಖಾಲಿ ಜಾಗ ಉಳಿದರೆ ಅದಕ್ಕೆ ಕಾಗದ ಕೇಳಿ, ಕಥೆಯನ್ನು ಒಪ್ಪಿಕೊಳ್ಳಬೇಡಿ.

ನಾಲ್ಕನೆಯದಾಗಿ, ಸರ್ಕಾರದ ದಾಖಲೆ. ಪರಿವಾಹನ್ ಜಾಲತಾಣದಲ್ಲಿ ಗಾಡಿಯ ನೋಂದಣಿ, ವಿಮೆ, ಸಾಲದ ವಿವರ ಸಿಗುತ್ತದೆ. ಕಳವಾದ ಗಾಡಿಗಳ ಪಟ್ಟಿಯಲ್ಲಿ ಅದು ಇದೆಯೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ತಾಣದಲ್ಲಿ ನೋಡಬಹುದು. ಹಾಗೆಂದು ಕಂಪ್ಯೂಟರಿನಲ್ಲಿ ಬಂದುದೆಲ್ಲ ಸತ್ಯ ಎಂದೂ ತಿಳಿಯಬೇಡಿ. ಸುಳ್ಳು ಪತ್ರ ಕೊಟ್ಟು ಒಳಗೆ ಸೇರಿಸಿದ್ದರೆ ಕಂಪ್ಯೂಟರ್ ಅದನ್ನೇ ತೋರಿಸುತ್ತದೆ. ಮೊದಲು ನೋಂದಣಿ ಮಾಡಿದ ಕಚೇರಿಗೂ, ಮಾರಾಟ ಪತ್ರ ಕೊಟ್ಟ ಇಲಾಖೆಗೂ ಒಂದು ಕಾಗದ ಬರೆದು ಕೇಳಿ. ನಾನು ಆಮೇಲೆ ಬರೆದ ಆ ಕಾಗದವನ್ನು ಮೊದಲೇ ಬರೆದಿದ್ದರೆ ಅಂಚೆಯ ಖರ್ಚಿನಲ್ಲಿ ಹನ್ನೊಂದು ಲಕ್ಷ ಉಳಿಯುತ್ತಿತ್ತು.

ಐದನೆಯದಾಗಿ, ಹೆಸರು ಬದಲಾವಣೆಯನ್ನು ಮುಂದೂಡಬೇಡಿ. ಮಾರುವವರಿಗೂ ಇದು ಮುಖ್ಯ. ಒಂದು ಕಾರು ಕೈಯಿಂದ ಕೈಗೆ ಹಲವರಿಗೆ ಮಾರಾಟವಾಗಿ, ಆರ್‌ಸಿ ಮಾತ್ರ ಮೊದಲಿನವರ ಹೆಸರಿನಲ್ಲೇ ಉಳಿದು, 2009ರಲ್ಲಿ ಅಪಘಾತವಾಯಿತು. ಪರಿಹಾರ ಕೊಡಬೇಕಾದವರು ಆರ್‌ಸಿಯಲ್ಲಿ ಹೆಸರಿರುವವರೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಇನ್ನೊಂದು ಪ್ರಕರಣದಲ್ಲಿ ತಾತ್ಕಾಲಿಕ ನೋಂದಣಿಯ ಅವಧಿ ಮುಗಿದಿದ್ದ ಹೊಸ ಗಾಡಿ ಕಳವಾಯಿತು. ಸರಿಯಾದ ನೋಂದಣಿ ಇಲ್ಲದ್ದರಿಂದ ವಿಮೆಯ ಹಣ ಸಿಗುವುದಿಲ್ಲ ಎಂದು 2021ರಲ್ಲಿ ಅದೇ ನ್ಯಾಯಾಲಯ ಹೇಳಿತು. ನೋಂದಣಿ ನಿಲ್ಲದ ಗಾಡಿ ಯಾರಿಗಾದರೂ ಬಡಿದರೆ, ಕೊಂಡವನ ಮನೆ ಮಾರಿದರೂ ಸಾಲದೆ ಹೋಗಬಹುದು.

ಇನ್ನು ನಮ್ಮ ಮನೆಯ ಕಥೆಗೆ ಬರುತ್ತೇನೆ. ಆರ್‌ಟಿಓ ಕಚೇರಿ ಅರ್ಜಿಯನ್ನು ತಿರುಗಿಸಿದ ಸುದ್ದಿ ಹೇಗೆ ಹರಡಿತೋ, ವಾರದೊಳಗೆ ಒಬ್ಬ ಏಜೆಂಟ್ ಮನೆಗೇ ಬಂದ. "ಅರವತ್ತು ಸಾವಿರ ಕೊಡಿ, ಬೇರೆ ರಾಜ್ಯದಲ್ಲಿ ಮಾಡಿಸಿಕೊಡ್ತೀನಿ. ಅದು ಬೇಡ ಅಂದ್ರೆ ಗಾಡಿ ನನಗೆ ಬಿಡಿ, ಗಿರಾಕಿ ಇದ್ದಾರೆ, ನಿಮ್ಮ ಹಣ ನಿಮಗೆ" ಎಂದ. ನನ್ನ ತಮ್ಮ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೂ ಆಸೆಯಾಯಿತು. ಹಣ ವಾಪಸ್ಸು ಬಂದರೆ ನನ್ನ ತಪ್ಪೂ ಮುಚ್ಚಿಹೋಗುತ್ತಿತ್ತು.

ಒಳಗಿನಿಂದ ಖಾಲಾ ಬಂದರು. ಅವರು ಶಾಲೆ ಮೆಟ್ಟಿಲು ಹತ್ತಿದವರಲ್ಲ. "ಗಿರಾಕಿ ಅಂದ್ರೆ ಅವನೂ ಯಾರೋ ಒಬ್ಬ ತಾಯಿಯ ಮಗನೇ ಅಲ್ವಾ ಬೇಟಾ? ನಮ್ಮ ಮನೆಗೆ ಬಂದದ್ದು ನಮ್ಮಲ್ಲೇ ನಿಲ್ಲಲಿ" ಎಂದರು. ಆ ಮಾತಿಗೆ ಏಜೆಂಟ್ ಎದ್ದು ಹೋದ.

ಹೊರಗೆ ಒಣಗಿದ್ದು ಒಳಗೆ ನೆನೆದಿದ್ದ ಧಾನ್ಯದ ರಾಶಿಯೊಳಗೆ ಪ್ರವಾದಿಯವರು (ಸ) ಕೈ ಹಾಕಿ ನೋಡಿ, ನೆನೆದುದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ವ್ಯಾಪಾರಿಯನ್ನು ಕೇಳಿದ ಪ್ರಸಂಗ ನಿಮಗೆಲ್ಲ ಗೊತ್ತು. ನಾನು ಅದನ್ನು ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ್ದೇನೆ. ಖಾಲಾ ಅಂದು ಅದನ್ನು ನಡೆದು ತೋರಿಸಿದರು.

ಮರುದಿನ ನಾನೇ ಅರ್ಜಿ ಬರೆದೆ. ಒಂದು ಪೊಲೀಸ್ ಠಾಣೆಗೆ, ಒಂದು ಕಸ್ಟಮ್ಸ್ ಇಲಾಖೆಗೆ. ಗಾಡಿ ಹೇಗೆ ಬಂತು, ಯಾರಿಗೆ ಎಷ್ಟು ಕೊಟ್ಟೆವು, ಯಾವ ಖಾತೆಗೆ ಹಾಕಿದೆವು, ಎಲ್ಲವನ್ನೂ ಮುಚ್ಚುಮರೆ ಇಲ್ಲದೆ ಬರೆದೆವು. ಬ್ಯಾಂಕಿನ ಮೂಲಕ ಕಳಿಸಿದ ಒಂಬತ್ತು ಲಕ್ಷಕ್ಕೆ ದಾಖಲೆ ಇತ್ತು. ಕೈಯಲ್ಲಿ ಕೊಟ್ಟ ನಾಲ್ಕು ಲಕ್ಷಕ್ಕೆ ಒಂದು ಚೀಟಿಯೂ ಇರಲಿಲ್ಲ. ಗಾಡಿಯನ್ನು ಇಲಾಖೆಯವರು ಒಯ್ದರು. ಹಣ ಇನ್ನೂ ಬಂದಿಲ್ಲ. ತಮ್ಮ ಮತ್ತೆ ವಿಮಾನ ಹತ್ತಿದ್ದಾನೆ. ಮಗಳ ನರ್ಸಿಂಗ್ ಒಂದು ವರ್ಷ ತಡವಾಯಿತು. ಅವಳ ಮೊದಲ ವರ್ಷದ ಶುಲ್ಕಕ್ಕೆ ಈ ಸಂಘದ ವಿದ್ಯಾರ್ಥಿವೇತನ ನೆರವಾಯಿತು ಎಂಬುದನ್ನು ಕೃತಜ್ಞತೆಯಿಂದ ಹೇಳುತ್ತೇನೆ.

ಕುರ್‌ಆನಿನ ಅತಿ ದೀರ್ಘ ವಚನ ಯಾವುದು ಎಂದು ನಾವು ರಸಪ್ರಶ್ನೆಯಲ್ಲಿ ಮಕ್ಕಳನ್ನು ಕೇಳುತ್ತೇವೆ. ಅಲ್ ಬಕರಾ ಸೂರಾದ 282ನೆಯ ವಚನ ಎಂದು ಮಕ್ಕಳು ಥಟ್ಟನೆ ಹೇಳುತ್ತಾರೆ. ಅದು ಏನನ್ನು ಹೇಳುತ್ತದೆ ಎಂದು ಕೇಳುವುದು ಕಡಿಮೆ. ಅದು ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ, ಸಾಕ್ಷಿಗಳ ಬಗ್ಗೆ ಮಾತನಾಡುತ್ತದೆ. ಬರೆಯಬಲ್ಲವನು ನ್ಯಾಯವಾಗಿ ಬರೆಯಬೇಕು, ತಾನು ಕಲಿತ ವಿದ್ಯೆಯನ್ನು ಕೊಡಲು ನಿರಾಕರಿಸಬಾರದು ಎಂದು ಅಕ್ಷರ ಬಲ್ಲವನ ಮೇಲೂ ಹೊಣೆ ಹೊರಿಸುತ್ತದೆ. ನಮ್ಮ ಮನೆಗಳಲ್ಲಿ ಮೊದಲ ಪದವೀಧರ ಎಂದರೆ ಇಡೀ ಬಳಗದ ಓದುಗ ಅವನೇ. ಆಸ್ಪತ್ರೆಯ ಚೀಟಿ, ಬ್ಯಾಂಕಿನ ನೋಟಿಸು, ಜಮೀನಿನ ಪಹಣಿ, ವೀಸಾದ ಕಾಗದ, ಗಾಡಿಯ ಆರ್‌ಸಿ, ಎಲ್ಲವೂ ಅವನ ಮುಂದೆ ಬರುತ್ತವೆ. ಅವನು "ಸರಿಯಾಗಿದೆ" ಎಂದರೆ ಅವರು ಜೀವಮಾನದ ಗಳಿಕೆಯನ್ನು ಕೊಟ್ಟುಬಿಡುತ್ತಾರೆ.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ನಾಳೆ ನಿಮ್ಮ ಚಾಚಾ, ಮಾಮು ಯಾರಾದರೂ ಒಂದು ಕಾಗದ ಹಿಡಿದು ಬಂದರೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ನಾಚಿಕೆ ಬೇಡ. "ಎರಡು ದಿನ ಕೊಡಿ, ಕೇಳಿ ಹೇಳ್ತೀನಿ" ಎನ್ನಿ. ನಾನು ಆ ಎರಡು ದಿನ ಕೇಳಲಿಲ್ಲ. ನಮ್ಮ ಸಂಘಕ್ಕೂ ಒಂದು ವಿನಂತಿ. ತಿಂಗಳಿಗೊಂದು ಭಾನುವಾರ, ಇದೇ ಕಟ್ಟಡದಲ್ಲಿ, ಕಾಗದ ಓದಿ ಹೇಳುವ ಒಂದು ಮೇಜು ಹಾಕೋಣ. ನಮ್ಮ ಸದಸ್ಯರಲ್ಲಿ ವಕೀಲರಿದ್ದಾರೆ, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರಿದ್ದಾರೆ. ಅವರ ಪಕ್ಕದಲ್ಲಿ ಕುಳಿತು ಅರ್ಜಿ ಬರೆಯುವ ಕೆಲಸ ನನಗಿರಲಿ.